52 ಸೆಕೆಂಡಿನ ದೆವ್ವ

ಡಿಪ್ಲೊಮಾ ಓದುವಾಗ ನಮಗೆ ದೃಶ್ಯ ಮಾಧ್ಯಮ ಅಂತ ಒಂದು ಪೇಪರ್ ಇತ್ತು. ಅದರಲ್ಲಿ 20 ಅಂಕಕ್ಕೆ ಒಂದು ಪ್ರಾಜೆಕ್ಟ್. ಐದು ಜನರ ತಂಡ, ಒಂದು ನಿಮಿಷದೊಳಗಿನ ವಿಡಿಯೊ, ವಿಷಯ ನಿಮ್ಮಿಷ್ಟ. ಬೇರೆ ತಂಡದವರು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ, ಶಿಶುನಾಳದ ಜಾತ್ರೆ, ಊರಿನ ಶೌಚಾಲಯದ ಸಮಸ್ಯೆ ಅಂತ ಹೊರಟರು. ನಾವು ಮಾತ್ರ ದೆವ್ವದ ಸಿನಿಮಾದ ಟೀಸರ್ ಮಾಡುತ್ತೇವೆ ಅಂತ ಬರೆದು ಕೊಟ್ಟೆವು.

ಅದು 2014ರ ಶುರು. ಅದರ ಹಿಂದಿನ ನವೆಂಬರಿನಲ್ಲಿ ಕೆ.ಎಸ್. ಅಶೋಕ ಅವರ '6-5=2' ಬಂದಿತ್ತು. ಚಾರಣಕ್ಕೆ ಹೋದ ಹುಡುಗ ಹುಡುಗಿಯರ ಕ್ಯಾಮೆರಾದಲ್ಲಿ ಸಿಕ್ಕ ವಿಡಿಯೊ ಎಂಬಂತೆ ತೆಗೆದ ಸಿನಿಮಾ. ದೊಡ್ಡ ಹೀರೋ ಇಲ್ಲ, ಹಾಡು ಇಲ್ಲ, ಕ್ಯಾಮೆರಾ ಅಲುಗಾಡುತ್ತಲೇ ಇರುತ್ತದೆ. ಆದರೂ ಜನ ಹೆದರಿದರು. ಅಷ್ಟೇ ಸಾಕಾಯಿತು, ನಮ್ಮ ಕ್ಲಾಸಿನಲ್ಲಿ ಮೊಬೈಲ್ ಇದ್ದವರೆಲ್ಲ ನಿರ್ದೇಶಕರಾದರು.

ನಮ್ಮ ತಂಡದಲ್ಲಿ ನಾಲ್ವರು ಹುಡುಗರು, ನಾನೊಬ್ಬಳೇ ಹುಡುಗಿ. ಕ್ಯಾಮೆರಾ ಯಾರದು, ಎಡಿಟಿಂಗ್ ಯಾರದು ಅಂತ ಅರ್ಧ ಗಂಟೆ ಜಗಳ ಆಯಿತು. ದೆವ್ವ ಯಾರು ಅನ್ನುವುದಕ್ಕೆ ಮಾತ್ರ ಜಗಳವೇ ಆಗಲಿಲ್ಲ. ನಾಲ್ವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಯಾಕ್ರೋ, ಗಂಡು ದೆವ್ವ ಇರೂದಿಲ್ಲೇನು?" ಅಂದೆ.

"ಇರ್ತಾವು. ಆದ್ರ ಅವಕ್ಕ ಯಾರು ಅಂಜ್ತಾರ?" ಅಂದ ಹಾನಗಲ್ ಕಡೆಯ ಗೆಳೆಯ.

ಅಮ್ಮನ ಹಳೇ ಬಿಳಿ ಸೀರೆ ತಂದೆ. ಕೂದಲು ಬಿಚ್ಚಿಕೊಳ್ಳಲು ಒಪ್ಪಿದೆ.

ಟೀಸರ್ ಬೇರೆ, ಟ್ರೇಲರ್ ಬೇರೆ

ನಮಗೆ ಪಾಠ ಮಾಡುತ್ತಿದ್ದ ಸರ್ ಮೊದಲು ಒಂದು ವಿಷಯ ತಲೆಗೆ ತುಂಬಿದರು. ಟ್ರೇಲರ್ ಅಂದರೆ ಸಿನಿಮಾದ ಸಾರಾಂಶ. ಯಾರು, ಎಲ್ಲಿ, ಏನಾಯಿತು ಅನ್ನುವುದನ್ನು ಸ್ವಲ್ಪ ಸ್ವಲ್ಪ ಹೇಳುತ್ತದೆ. ಟೀಸರ್ ಹಾಗಲ್ಲ, ಅದು ಒಂದು ಪ್ರಶ್ನೆ ಕೇಳಿ ಓಡಿಹೋಗುತ್ತದೆ. ಉತ್ತರ ಬೇಕಿದ್ದರೆ ಥಿಯೇಟರಿಗೆ ಬಾ ಅನ್ನುತ್ತದೆ.

ಅದಕ್ಕೆ ಎರಡು ಉದಾಹರಣೆ ತೋರಿಸಿದರು. 1960ರ 'ಸೈಕೋ' ಸಿನಿಮಾದ ಟ್ರೇಲರಿನಲ್ಲಿ ನಿರ್ದೇಶಕ ಹಿಚ್‌ಕಾಕ್ ಆರು ನಿಮಿಷಕ್ಕೂ ಹೆಚ್ಚು ಹೊತ್ತು ತಾನೇ ಸೆಟ್ಟಿನ ತುಂಬ ಓಡಾಡಿ, ಮನೆ ತೋರಿಸುವ ದಲ್ಲಾಳಿಯ ಹಾಗೆ ಮಾತಾಡುತ್ತಾನೆ. 1980ರ 'ದಿ ಶೈನಿಂಗ್' ಸಿನಿಮಾಕ್ಕೆ ಕುಬ್ರಿಕ್ ಮಾಡಿಸಿದ್ದು ಒಂದೇ ಶಾಟ್. ಹೋಟೆಲಿನ ಲಿಫ್ಟ್ ಬಾಗಿಲು ಕಾಣುತ್ತಿರುತ್ತದೆ. ನೋಡನೋಡುತ್ತಿದ್ದಂತೆ ಒಳಗಿನಿಂದ ರಕ್ತ ಕೆರೆ ಒಡೆದಂತೆ ನುಗ್ಗುತ್ತದೆ. ಯಾರ ರಕ್ತ, ಎಲ್ಲಿಂದ ಬಂತು, ಏನೂ ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. 1975ರ 'ಜಾಸ್' ಸಿನಿಮಾಕ್ಕೆ ಮಾಡಿಸಿದ್ದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿಸಿದ ಮೇಲೆ ಪದೇ ಪದೇ ಕೆಟ್ಟಿತು. ಬೇರೆ ದಾರಿ ಇಲ್ಲದೆ ಸ್ಪಿಲ್‌ಬರ್ಗ್ ಶಾರ್ಕ್ ತೋರಿಸದೇ ನೀರು, ಸಂಗೀತ, ಜನರ ಮುಖ ಇಷ್ಟರಲ್ಲೇ ಹೆದರಿಸಿದ. ಕಾಣದ ಮೀನಿಗೆ ಜನ ಹೆಚ್ಚು ಹೆದರಿದರು. "ನಿಮ್ಮ ಹತ್ರ ದುಡ್ಡಿಲ್ಲ ಅನ್ನೋದು ಒಳ್ಳೇದೇ. ತೋರಿಸಬೇಡ್ರಿ, ಕೇಳಿಸ್ರಿ" ಅಂದರು ಸರ್.

ಹಾಳು ಬಾವಿ

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ದೆವ್ವದ ಹುಣಸೆಮರವೋ, ಹಾಳು ಬಾವಿಯೋ, ಬಾಗಿಲು ಹಾಕಿದ ಮನೆಯೋ ಇಲ್ಲದ ಊರು ನಮ್ಮ ಕಡೆ ಇಲ್ಲ. ನಮ್ಮ ತಂಡದ ಒಬ್ಬನ ಊರಲ್ಲಿ ಅಂಥದ್ದೊಂದು ಬಾವಿ ಇತ್ತು. ಸುತ್ತ ಗೋವಿನಜೋಳದ ಹೊಲ, ನಡುವೆ ಕಲ್ಲು ಕಟ್ಟಿದ ಮೆಟ್ಟಿಲು ಬಾವಿ, ದಡದಲ್ಲಿ ಜಾಲಿ ಬೆಳೆದಿತ್ತು. ಅಮಾವಾಸ್ಯೆ ದಿನ ಒಬ್ಬಾಕೆ ಬಟ್ಟೆ ಒಗೆಯುವ ಸದ್ದು ಕೇಳುತ್ತದೆ ಅಂತ ಊರವರು ಹೇಳುತ್ತಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಭಾನುವಾರ ಸಂಜೆ ಹೋದೆವು. ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ ರಕ್ತ ಮಾಡಿಕೊಂಡಿದ್ದೆವು. ಸೈಕೋ ಸಿನಿಮಾದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರಂತೆ. ಅದು ಕಪ್ಪು ಬಿಳುಪು ಸಿನಿಮಾ, ನಡೆಯಿತು. ನಮ್ಮದು ಬಣ್ಣದ್ದು. ಕ್ಯಾಮೆರಾ ಹೂಡುವಷ್ಟರಲ್ಲಿ ನನ್ನ ಸೀರೆಗೆ ಇರುವೆ ಮುತ್ತಿದವು.

ಆ ಹೊತ್ತಿಗೆ ಆಡು ಹೊಡೆದುಕೊಂಡು ಒಬ್ಬ ಅಜ್ಜಿ ಬಂದರು. ನನ್ನನ್ನು ನೋಡಿ ಒಂಚೂರೂ ಹೆದರಲಿಲ್ಲ.

"ಏನ್ ಮಾಡಾಕತ್ತೀರವ್ವಾ ಇಲ್ಲಿ?"

"ಸಿನಿಮಾ ತೆಗ್ಯಾಕತ್ತೀವಿ ಆಯೀ. ದೆವ್ವದ ಸಿನಿಮಾ."

"ಯಾರ ದೆವ್ವ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಕ್ರಿಪ್ಟಿನಲ್ಲಿ ಆಕೆಗೆ ಹೆಸರೇ ಇರಲಿಲ್ಲ. 'ದೆವ್ವ' ಅಂತ ಅಷ್ಟೇ ಬರೆದಿತ್ತು.

ಅಜ್ಜಿ ಬಾವಿಯ ಕಟ್ಟೆ ಮೇಲೆ ಕೂತರು. "ಆಕಿಗೆ ಬಿಳೀ ಸೀರಿ ಎಲ್ಲಿತ್ತವ್ವಾ? ಹಸರ ಸೀರಿ ಉಟ್ಟಿದ್ಲು. ಮದವಿ ಆಗಿ ಇನ್ನಾ ವರ್ಷ ತುಂಬಿದ್ದಿಲ್ಲ. ಇಂದಿರಾ ಗಾಂಧಿ ಸತ್ತ ವರ್ಷ."

ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎಷ್ಟು ತೊಲ ಬಂಗಾರ ಬಾಕಿ ಇತ್ತು, ತವರಿಗೆ ಎಷ್ಟು ಸಲ ಕಳಿಸಿದ್ದರು, ಕಡೇ ದಿನ ಯಾರ ಮನೆಗೆ ಬಂದು ಒಂದು ರಾತ್ರಿ ಇಟ್ಟುಕೊಳ್ಳಿ ಅಂತ ಕೇಳಿದಳು ಅನ್ನುವುದೆಲ್ಲ ಅವರಿಗೆ ಗೊತ್ತಿತ್ತು. ಪೊಲೀಸರು ಬಂದರೇ ಅಂತ ನಾನು ಕೇಳಿದೆ. ಬಂದರು, ಹೋದರು ಅಂದರು. ಅದಾದ ಮೇಲೆ ಊರಲ್ಲಿ ಆಕೆ ದೆವ್ವವಾದಳು. ಬಟ್ಟೆ ಒಗೆಯುವ ಸದ್ದು ಆಮೇಲೆ ಸೇರಿದ್ದು.

ಹೊರಡುವಾಗ ಅಜ್ಜಿ ಹೇಳಿದ ಒಂದು ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಆಕಿ ಯಾರನ್ನೂ ಅಂಜಿಸಿಲ್ಲವ್ವಾ. ಆಕೀನ ಅಂಜಿ ಅಂಜಿ ಸತ್ಲು. ಆಕಿ ತಮ್ಮ ಇನ್ನಾ ಅದಾನ. ನಿಮ್ಮ ಮೊಬೈಲ್ ಅಂವನ ಊರಿಗೂ ಹೋಗತೈತಿ, ಹೌದಲ್ಲೋ?"

ಹೌದು, ಹೋಗುತ್ತಿತ್ತು. ಆಗ ನಮ್ಮ ಹಳ್ಳಿಗಳಲ್ಲಿ ವಾಟ್ಸಾಪ್ ಇನ್ನೂ ಅಷ್ಟು ಹರಡಿರಲಿಲ್ಲ. ಆದರೆ ಮೊಬೈಲ್ ಅಂಗಡಿಗಳು ಇದ್ದವು. ಹಾಡು, ಸಿನಿಮಾ, ಕಾಮಿಡಿ ತುಣುಕು ಎಲ್ಲವನ್ನೂ ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತಿದ್ದರು. ಬ್ಲೂಟೂತಿನಲ್ಲಿ ಒಂದು ಬಸ್ಸಿನ ತುಂಬ ಒಂದು ವಿಡಿಯೊ ಹರಡುತ್ತಿತ್ತು.

ನಮ್ಮ ಟೀಸರಿನ ಮೊದಲ ಫಲಕದಲ್ಲಿ 'ಸತ್ಯಘಟನೆ ಆಧಾರಿತ' ಅಂತ ಹಾಕಬೇಕು ಅಂತ ಹುಡುಗರು ತೀರ್ಮಾನಿಸಿದ್ದರು. ಆ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಅದರ ಮೇಲೆ ದೊಡ್ಡ ಚರ್ಚೆ ನಡೆಯಿತು. ಒಬ್ಬ, "ಹೆಸರು ಹಾಕೂದಿಲ್ಲಲ್ಲ, ಬಾವಿ ಅಷ್ಟ ತೋರಸ್ತೀವಿ" ಅಂದ. ಇನ್ನೊಬ್ಬ, ಯಾರ ಊರು ಅದೋ ಅವನು, "ಬಾವಿ ನೋಡಿದ್ರ ಹೆಸರು ಬ್ಯಾರೆ ಬೇಕೇನಲೇ?" ಅಂದ. ಅವನೇ ಬೇಡ ಅಂದ ಮೇಲೆ ಮಾತು ಮುಗಿಯಿತು. ಬಾವಿ ಬಿಟ್ಟೆವು. 'ಸತ್ಯಘಟನೆ' ಫಲಕವನ್ನೂ ಬಿಟ್ಟೆವು. ಪ್ರಾಜೆಕ್ಟ್ ಕೊಡಲು ಹತ್ತು ದಿನ ಉಳಿದಿತ್ತು.

ನಾಳೆ ಬಾ

ಯಾರ ಮನೆಯ ಸಾವೂ ಅಲ್ಲದ ಒಂದು ದೆವ್ವ ಬೇಕಾಗಿತ್ತು. ಅದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿದ್ದದ್ದೇ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಇದ್ದರೆ ಓದಿಕೊಂಡು ಹಿಂದೆ ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಓದಲು ಬರುವ, ಹೇಳಿದ ಮಾತು ಕೇಳುವ ಪಾಪದ ದೆವ್ವ. 2018ರ ಹಿಂದಿ ಸಿನಿಮಾ 'ಸ್ತ್ರೀ' ಇದೇ ನಂಬಿಕೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ದೊಡ್ಡ ಹಿಟ್ ಆಯಿತು. ನಮ್ಮ ಟೀಸರ್ ಅದಕ್ಕಿಂತ ನಾಲ್ಕು ವರ್ಷ ಮೊದಲಿನದು ಅಂತ ಹಾನಗಲ್ ಗೆಳೆಯ ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಕಥೆ ಇಷ್ಟೇ. ಹಳೇ ಮರದ ಬಾಗಿಲು, ಹೊರಗೆ ಸುಣ್ಣದಲ್ಲಿ 'ನಾಳೆ ಬಾ'. ರಾತ್ರಿ. ಒಳಗೆ ಒಬ್ಬ ಹುಡುಗಿ ಓದುತ್ತಾ ಕೂತಿದ್ದಾಳೆ. ಬಾಗಿಲು ಬಡಿದ ಸದ್ದು. ಆಕೆ ನಗುತ್ತಾಳೆ, ಹೊರಗೆ ಬರೆದಿದೆಯಲ್ಲ ಅನ್ನುವ ಧೈರ್ಯ. ಸದ್ದು ನಿಲ್ಲುತ್ತದೆ. ಆಕೆ ತಿರುಗಿ ನೋಡಿದರೆ ಬಾಗಿಲ ಒಳಮೈ ಮೇಲೆ, ಅದೇ ಸುಣ್ಣದಲ್ಲಿ, 'ನಾಳೆ ಆಯ್ತು'. ಕಪ್ಪು.

ದೆವ್ವ ಇಲ್ಲವೇ ಇಲ್ಲ. ನನಗೆ ಓದುವ ಹುಡುಗಿಯ ಪಾತ್ರ ಸಿಕ್ಕಿತು. ಬಿಳಿ ಸೀರೆ ಇರುವೆ ಸಮೇತ ಮನೆಗೆ ವಾಪಸ್ ಹೋಯಿತು.

ಮೊಬೈಲಿನಲ್ಲಿ ಇಂಥದ್ದು ಮಾಡುವ ಹುಡುಗ ಹುಡುಗಿಯರು ನಮ್ಮ ಓದುಗರಲ್ಲಿ ಇದ್ದೀರಿ. ನಾವು ಮಾಡಿ ತಿಳಿದದ್ದನ್ನು ಹೇಳುತ್ತೇನೆ, ಉಪಯೋಗವಾಗಬಹುದು.

ಕತ್ತಲನ್ನು ಕತ್ತಲಲ್ಲಿ ತೆಗೆಯಬೇಡಿ. ರಾತ್ರಿ ತೆಗೆದರೆ ಮೊಬೈಲಿನಲ್ಲಿ ಬರೀ ಚುಕ್ಕಿ ಚುಕ್ಕಿ ಬರುತ್ತದೆ. ಹೊರಗಿನ ಬಾಗಿಲನ್ನು ನಾವು ಹೊತ್ತು ಮುಳುಗಿದ ಮೇಲಿನ ಹದಿನೈದು ನಿಮಿಷದಲ್ಲಿ ತೆಗೆದೆವು. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ಇಟ್ಟರೆ ಆ ಬೆಳಕೆಲ್ಲ ನೀಲಿಯಾಗಿ ಬೆಳದಿಂಗಳ ಹಾಗೆ ಕಾಣುತ್ತದೆ. ಬೆಳಕು ಸ್ವಲ್ಪ ಇಳಿಸಿದರೆ ನಡುರಾತ್ರಿ.

ಒಳಗಿನದಕ್ಕೆ ಒಂದೇ ದೀಪ ಸಾಕು. ಮುಖದ ಒಂದು ಬದಿಗೆ ಬೆಳಕು ಬಿದ್ದು ಇನ್ನೊಂದು ಬದಿ ಕತ್ತಲಲ್ಲಿ ಉಳಿದರೆ ನೋಡುವವರು ಆ ಕತ್ತಲನ್ನೇ ಹುಡುಕುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಓಡಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರ್ 1/50 ಇಟ್ಟುಕೊಂಡರೆ ನಿಲ್ಲುತ್ತದೆ.

ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಅಜ್ಜನ ಕಾಲದ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದೆವು, ಯಾವುದೋ ಪ್ರಾಣಿ ನರಳಿದ ಹಾಗೆ ಕೇಳಿತು. ಒಣಗಿದ ಜೋಳದ ದಂಟನ್ನು ಮೈಕಿನ ಹತ್ತಿರ ಹಿಡಿದು ಮುರಿದರೆ ಎಲುಬು ಮುರಿದ ಸದ್ದು. ಎಲ್ಲಕ್ಕಿಂತ ದೊಡ್ಡ ಸದ್ದು ಮೌನ. ರಾತ್ರಿಯ ಜೀರುಂಡೆ ಸದ್ದನ್ನು ಮೊದಲಿಂದ ಹಿನ್ನೆಲೆಯಲ್ಲಿ ಹಾಕಿ, ಕಡೇ ಶಾಟಿಗೆ ಎರಡು ಸೆಕೆಂಡ್ ಮೊದಲು ಪೂರ್ತಿ ತೆಗೆದೆವು. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಜೀರುಂಡೆ ಸುಮ್ಮನಾದರೆ ಯಾರೋ ಬಂದಿದ್ದಾರೆ ಅಂತ ಅರ್ಥ.

ಎಡಿಟಿಂಗ್ ಮಾಡಿದ್ದು ಒಂದು ಮದುವೆ ಸ್ಟುಡಿಯೋದಲ್ಲಿ, ಅಂಗಡಿ ಮುಚ್ಚಿದ ಮೇಲೆ. ಸ್ಟುಡಿಯೋದ ಅಣ್ಣ ಅಭ್ಯಾಸಬಲದಿಂದ 'ನಾಳೆ ಆಯ್ತು' ಅಕ್ಷರದ ಸುತ್ತ ಗುಲಾಬಿ ಹೂ ಬೀಳಿಸಿದ್ದರು. ತೆಗೆಸಿದೆವು. ಒಟ್ಟು 52 ಸೆಕೆಂಡ್ ಆಯಿತು.

ಕ್ಲಾಸಿನಲ್ಲಿ ತೋರಿಸಿದ ದಿನ ಹಿಂದಿನ ಬೆಂಚಿನಿಂದ ಒಂದು ಕಿರುಚಾಟ ಕೇಳಿತು, ಆಮೇಲೆ ನಗು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಒಳಗೆ ಬರೆದವರು ಯಾರು? ನಮಗೂ ಗೊತ್ತಿರಲಿಲ್ಲ. ಮುಂದಿನ ಕಥೆಯೇ ಇರಲಿಲ್ಲ. ಟೀಸರಿಗೆ ಅದು ಬೇಕಾಗಿಯೂ ಇಲ್ಲ.

ಆಮೇಲೆ ಬಂದ ಕೆಲಸ

ಡಿಪ್ಲೊಮಾ ಮುಗಿಸಿ ನಾನು ಜಿಲ್ಲೆಯಲ್ಲೇ ಸ್ಟ್ರಿಂಗರ್ ಆದೆ. ಬಂದ ಸುದ್ದಿಗೆ ಇಷ್ಟು ಅಂತ ದುಡ್ಡು, ಪೆಟ್ರೋಲ್ ನಮ್ಮದೇ. ಬೆಳಿಗ್ಗೆ ಠಾಣೆಗೆ ಫೋನ್ ಮಾಡಿ ಏನಾದರೂ ಇದೆಯೇ ಅಂತ ಕೇಳುವುದರಿಂದ ದಿನ ಶುರು. ಆ ಪಟ್ಟಿಯಲ್ಲಿ ತಿಂಗಳಿಗೆ ಒಂದೆರಡಾದರೂ ಯು.ಡಿ.ಆರ್. ಇರುತ್ತವೆ. ಅಂದರೆ ಅಸಹಜ ಸಾವಿನ ವರದಿ. ಅದರಲ್ಲಿ ಒಂದು ವಾಕ್ಯ ನೀವೂ ಪತ್ರಿಕೆಯಲ್ಲಿ ಸಾವಿರ ಸಲ ಓದಿದ್ದೀರಿ: 'ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದು ಗೃಹಿಣಿ ಸಾವು'.

ಮೂರು ಸಾಲಿನ ಸುದ್ದಿ. ಅದು ಬಂದಾಗಲೆಲ್ಲ ನನಗೆ ಆಡು ಕಾಯುವ ಅಜ್ಜಿಯ ಪ್ರಶ್ನೆ ನೆನಪಾಗುತ್ತದೆ, ಯಾರ ದೆವ್ವ? ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, ಮದುವೆಯಾಗಿ ಎಷ್ಟು ವರ್ಷ? ಇದಕ್ಕೆ ಕಾರಣವಿದೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಕಾನೂನು ಅದನ್ನು ಬೇರೆಯಾಗಿ ನೋಡುತ್ತದೆ. ಶವದ ಪಂಚನಾಮೆಗೆ ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ಬರಬೇಕು. ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಕಿರುಕುಳ ಕೊಟ್ಟದ್ದು ರುಜುವಾತಾದರೆ ಅದು ವರದಕ್ಷಿಣೆ ಸಾವು. ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. 1986ರಲ್ಲಿ ಐಪಿಸಿಗೆ 304ಬಿ ಕಲಂ ಆಗಿ ಸೇರಿದ್ದ ಇದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಆಗಿದೆ.

ಇಂದಿರಾ ಗಾಂಧಿ ತೀರಿಕೊಂಡದ್ದು 1984ರಲ್ಲಿ. ಹಸಿರು ಸೀರೆಯ ಆ ಹುಡುಗಿಗೆ ಈ ಕಲಂ ಎರಡು ವರ್ಷ ತಡವಾಗಿ ಬಂತು.

ನಮ್ಮ ಸಿನಿಮಾಗಳನ್ನೂ ನೋಡಿ. 2004ರ 'ಆಪ್ತಮಿತ್ರ'ದ ನಾಗವಲ್ಲಿಗೆ ನಾವೆಲ್ಲ ಹೆದರಿದ್ದೇವೆ. ಆದರೆ ಕಥೆಯಲ್ಲಿ ಅವಳು ಅನ್ಯಾಯಕ್ಕೆ ಒಳಗಾದವಳು. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಪಾತ್ರ ಏನು ಮಾಡುತ್ತದೆ? ಈಕೆ ಯಾರು, ಏನಾಗಿತ್ತು, ಈಗ ಯಾರ ಮೈಯಲ್ಲಿ ಯಾಕೆ ಬಂದಳು ಅಂತ ಕೇಳುತ್ತಾ ಹೋಗುತ್ತದೆ. ಕೇಳುತ್ತಾ ಹೋದಂತೆ ಭಯ ಇಳಿದು ಮರುಕ ಬರುತ್ತದೆ. ನಿಮ್ಮ ಊರಲ್ಲೂ ಒಂದು ದೆವ್ವದ ಬಾವಿ ಇದ್ದರೆ ವಯಸ್ಸಾದವರನ್ನು ಕೇಳಿ ನೋಡಿ. ಹೆಸರು, ತವರೂರು, ಸೀರೆಯ ಬಣ್ಣ ಎಲ್ಲ ಗೊತ್ತಿರುವವರು ಯಾರಾದರೂ ಇರುತ್ತಾರೆ.

ಕಡೇ ಭಾಗ ಕತ್ತರಿಸಿದ ವಿಡಿಯೊ

ಟೀಸರ್ ಮಾಡಿ ಕಲಿತದ್ದು ಇನ್ನೊಂದು ಕಡೆಯೂ ನನ್ನ ಕೆಲಸಕ್ಕೆ ಬಂತು. 2018ರಲ್ಲಿ ಒಂದು ವಿಡಿಯೊ ಎಲ್ಲರ ವಾಟ್ಸಾಪಿಗೆ ಬಂದಿತ್ತು, ನೆನಪಿದೆಯೇ? ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ವಿಡಿಯೊ ಮುಗಿಯುತ್ತದೆ. ಹಳ್ಳಿಗಳಿಂದ ನನಗೆ ಫೋನ್ ಮೇಲೆ ಫೋನ್. "ಅಕ್ಕಾರ, ಮಕ್ಕಳ ಕಳ್ಳರು ನಮ್ಮ ತಾಲ್ಲೂಕಿಗೆ ಬಂದಾರಂತ, ಖರೇ ಏನ್ರಿ?"

ಆ ವಿಡಿಯೊ ನೋಡಿದಾಗ ನನಗೆ ಮೊದಲು ಕಂಡದ್ದು ಕಟ್. ಭಯ ಏರಿದ ಜಾಗಕ್ಕೆ ಸರಿಯಾಗಿ ನಿಂತಿತ್ತು, ನಾವು 'ನಾಳೆ ಆಯ್ತು' ಹತ್ತಿರ ನಿಲ್ಲಿಸಿದ ಹಾಗೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ಕಿರುಚಿತ್ರ ಅನ್ನುವುದು ಪತ್ರಿಕೆಗಳಲ್ಲಿ ಬಂತು. ಪೂರ್ತಿ ಚಿತ್ರದಲ್ಲಿ ಬೈಕಿನವರು ಹಿಂದೆ ಬಂದು ಮಗುವನ್ನು ಇಳಿಸುತ್ತಾರೆ, ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಅನ್ನುವ ಅರ್ಥದ ಫಲಕ ಎತ್ತಿ ತೋರಿಸುತ್ತಾರೆ. ಆ ಕಡೇ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳನ್ನು ಕಾಯಲು ಮಾಡಿದ ಚಿತ್ರ ಕತ್ತರಿ ಬಿದ್ದ ಮೇಲೆ ದೆವ್ವದ ಟೀಸರ್ ಆಯಿತು.

ಅದೇ ವರ್ಷ ಜುಲೈಯಲ್ಲಿ ನಮ್ಮ ರಾಜ್ಯದ್ದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಅಂತ ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಗುಂಪು ಸೇರಲು ಅಷ್ಟು ಸಾಕಾಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅನ್ನುವ ಮಿತಿ ತಂದಿತು.

ಈಗ ಪದವಿ, ಡಿಪ್ಲೊಮಾ ಓದುವ ಹುಡುಗರು ಪ್ರಾಜೆಕ್ಟಿಗೆ ಅಂತ ನನಗೆ ಫೋನ್ ಮಾಡುತ್ತಾರೆ. ಹೆಚ್ಚಿನವರಿಗೆ ದೆವ್ವವೇ ಬೇಕು, ಕಡಿಮೆ ಖರ್ಚು. ನಾನು ಬೇಡ ಅನ್ನುವುದಿಲ್ಲ. ಎರಡು ಮಾತು ಹೇಳುತ್ತೇನೆ. ನಿಜವಾದ ಸಾವಿನ ಜಾಗದಲ್ಲಿ ತೆಗೆಯಬೇಡಿ, ಅಲ್ಲಿ ದೆವ್ವ ಇರಲಿ ಬಿಡಲಿ, ಆ ಮನೆಯ ಜನ ಇರುತ್ತಾರೆ. ಕಥೆ ಕಟ್ಟಿದ್ದಾದರೆ ಇದು ಕಟ್ಟುಕಥೆ, ಇಂಥ ಕಾಲೇಜಿನ ಪ್ರಾಜೆಕ್ಟ್ ಅಂತ ಮೊದಲ ಫ್ರೇಮಿನಲ್ಲೂ ಹಾಕಿ, ಕಡೇ ಫ್ರೇಮಿನಲ್ಲೂ ಹಾಕಿ. ಯಾರಾದರೂ ಒಂದು ತುದಿ ಕತ್ತರಿಸಿದರೆ ಇನ್ನೊಂದು ತುದಿ ಉಳಿಯುತ್ತದೆ.

ವಿಡಿಯೊ ಮಾಡದೆ ಬರೀ ನೋಡುವ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರಿಗೆ ಒಂದೇ ಮಾತು. ಎದೆ ಧಸಕ್ ಅನ್ನುವ ಜಾಗಕ್ಕೆ ಸರಿಯಾಗಿ ಮುಗಿಯುವ ವಿಡಿಯೊ ಬಂದರೆ, ಅದರ ಮುಂದಿನ ಭಾಗ ಎಲ್ಲೋ ಇದೆ ಅಂತ ತಿಳಿಯಿರಿ. ಯಾವ ಊರು, ಯಾವತ್ತಿನದು, ತೆಗೆದವರು ಯಾರು ಅಂತ ಕಳಿಸಿದವರನ್ನು ಕೇಳಿ. ಉತ್ತರ ಬರುವವರೆಗೆ ಆ ವಿಡಿಯೊಗೆ ನಮ್ಮ ಹಿರಿಯರು ಬಾಗಿಲ ಮೇಲೆ ಬರೆದಿದ್ದನ್ನೇ ಹೇಳಿ: ನಾಳೆ ಬಾ.